ತೊಟ್ಟಿಯ ಬೆಳಕು ಮತ್ತು ರೆಂಡರಿಂಗ್ ತಂತ್ರಾಂಶದ ಆಯ್ಕೆ

ಆರ್ಕಿಟೆಕ್ಚರ್ ಓದು ಮುಗಿಸಿ ಸ್ವಂತ ಕಚೇರಿ ತೆರೆಯಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ, "ಸರ್, ರೆಂಡರಿಂಗ್‌ಗೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ?" ಎಂಬುದು. ರೆಂಡರಿಂಗ್ ಎಂದರೆ ಕಂಪ್ಯೂಟರಿನಲ್ಲಿರುವ ಮನೆಯ ಮಾದರಿಯಿಂದ, ಕಟ್ಟುವ ಮೊದಲೇ, ನಿಜದಂಥ ಚಿತ್ರ ತೆಗೆಯುವುದು. ಕೇಳುವಾಗ ಅವರ ಮೊಬೈಲಿನಲ್ಲಿ ಯಾವುದಾದರೊಂದು ತಂತ್ರಾಂಶದ ಗ್ಯಾಲರಿ ತೆರೆದಿರುತ್ತದೆ. ಅದರಲ್ಲಿ ಪೈನ್ ಮರಗಳ ನಡುವಿನ ಒಂದು ಗಾಜಿನ ಮನೆ, ಸಂಜೆಗೆಂಪು, ಒದ್ದೆಯಾದ ಕಲ್ಲುಹಾಸು. ಅಂಥ ಚಿತ್ರ ನೋಡಿ ತಂತ್ರಾಂಶ ಆರಿಸುವುದೆಂದರೆ ಬಡಿಸಿದ ಬಾಳೆಲೆಯ ಫೋಟೊ ನೋಡಿ ಮದುವೆಗೆ ಅಡುಗೆಯವರನ್ನು ಗೊತ್ತುಮಾಡಿದಂತೆ.

ನನಗೆ ಈ ಅಭಿಪ್ರಾಯ ಬರಲು ಒಂದು ಮನೆ ಕಾರಣ. ಕೆಲವು ವರ್ಷಗಳ ಹಿಂದೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಾವು ಸಣ್ಣದೊಂದು ತೊಟ್ಟಿಮನೆಯನ್ನು ವಿನ್ಯಾಸ ಮಾಡಿದೆವು. ನಡುವೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ನೆಲಕ್ಕೆ ರೆಡ್ ಆಕ್ಸೈಡ್, ಗೋಡೆಗೆ ಅಪ್ಪಟ ಬಿಳಿ. ಆಗ ನಮ್ಮಲ್ಲಿದ್ದ, ಚಿತ್ರವನ್ನು ಕ್ಷಣಮಾತ್ರದಲ್ಲಿ ತೋರಿಸುವ ರಿಯಲ್‌ಟೈಮ್ ತಂತ್ರಾಂಶದಲ್ಲಿ ತೆಗೆದ ಚಿತ್ರದಲ್ಲಿ ಗೋಡೆಗಳು ಹಾಲಿನಂತೆ ಬೆಳ್ಳಗಿದ್ದವು, ಮನೆಯವರು ಅದನ್ನು ನೋಡಿಯೇ ಒಪ್ಪಿದ್ದರು. ಗೃಹಪ್ರವೇಶಕ್ಕೆ ಒಂದು ವಾರವಿರುವಾಗ ಯಜಮಾನರ ಫೋನ್ ಬಂತು. "ಏನ್ ಸಾರ್, ಬಿಳಿ ಅಂದಿದ್ರಿ, ಗೋಡೆಯೆಲ್ಲ ಗುಲಾಬಿ ಬಂದಿದೆಯಲ್ಲ. ಪೇಂಟಿನವನು ಬೇರೆ ಡಬ್ಬ ತಂದನೋ ಏನೋ?" ಪೇಂಟಿನವನ ತಪ್ಪೇನೂ ಇರಲಿಲ್ಲ. ತೊಟ್ಟಿಯೊಳಗೆ ಇಳಿದ ಬಿಸಿಲು ಕೆಂಪು ನೆಲಕ್ಕೆ ಬಡಿದು, ಆ ಕೆಂಪನ್ನು ಹೊತ್ತು ಗೋಡೆಗೂ ಮಾಡಿಗೂ ಹಾರುತ್ತಿತ್ತು. ಹಳೆಯ ತೊಟ್ಟಿಮನೆಗಳಲ್ಲಿ ಬೆಳೆದವರಿಗೆಲ್ಲ ಆ ಬೆಳಕು ಗೊತ್ತು. ನಮ್ಮ ಚಿತ್ರಕ್ಕೆ ಮಾತ್ರ ಗೊತ್ತಿರಲಿಲ್ಲ.

ಇದರ ಹಿಂದಿನ ತತ್ತ್ವ ಹೊಸದಲ್ಲ. ಒಂದು ಮೇಲ್ಮೈಯಿಂದ ಹೊರಡುವ ಬೆಳಕೆಂದರೆ ಅದು ತಾನೇ ಸೂಸುವ ಬೆಳಕು ಮತ್ತು ಸುತ್ತಲಿನ ಎಲ್ಲ ದಿಕ್ಕುಗಳಿಂದ ಬಂದು ಅಲ್ಲಿಂದ ಚದುರುವ ಬೆಳಕು ಇವೆರಡರ ಮೊತ್ತ ಎಂಬುದನ್ನು 1986ರಲ್ಲಿ ಜೇಮ್ಸ್ ಕಜಿಯಾ ಒಂದೇ ಸಮೀಕರಣದಲ್ಲಿ ಬರೆದು, ಅದನ್ನು ಬಿಡಿಸಲು ಪಾತ್ ಟ್ರೇಸಿಂಗ್ ಎಂಬ ವಿಧಾನವನ್ನೂ ಸೂಚಿಸಿದರು. ಕ್ಯಾಮೆರಾದಿಂದ ಕಿರಣಗಳನ್ನು ಕಳಿಸಿ, ಅವು ನೆಲ, ಗೋಡೆ, ಮಾಡುಗಳಿಗೆ ಬಡಿದು ಎತ್ತೆತ್ತ ಹೋಗುತ್ತವೆಂದು ಸಾವಿರಾರು ಸಲ ಹುಡುಕಿ ಸರಾಸರಿ ತೆಗೆಯುವ ಕೆಲಸ ಅದು. ಆದ್ದರಿಂದಲೇ ಅದು ನಿಧಾನ, ಸಾಕಷ್ಟು ಕಿರಣಗಳು ಸಿಗುವವರೆಗೆ ಚಿತ್ರದ ತುಂಬ ರವೆ ಚೆಲ್ಲಿದಂಥ ಚುಕ್ಕೆಗಳು. ಹಳೆಯ ರಿಯಲ್‌ಟೈಮ್ ವಿಧಾನಗಳು ಈ ಲೆಕ್ಕವನ್ನು ಬಹುಪಾಲು ತಪ್ಪಿಸಿ, ಪರದೆಯ ಮೇಲೆ ಆಗ ಕಾಣುತ್ತಿರುವುದನ್ನಷ್ಟೇ ಇಟ್ಟುಕೊಂಡು ಪ್ರತಿಫಲನವನ್ನು ಅಂದಾಜು ಮಾಡುತ್ತಿದ್ದವು. ನಮ್ಮ ಚಿತ್ರದಲ್ಲಿ ಕೆಂಪು ನೆಲದ ಬಹುಭಾಗ ಚೌಕಟ್ಟಿನ ಹೊರಗಿತ್ತು, ಹಾಗಾಗಿ ತಂತ್ರಾಂಶದ ಪಾಲಿಗೆ ಆ ನೆಲವೇ ಇರಲಿಲ್ಲ.

ಈಗ ಪರಿಸ್ಥಿತಿ ಅಷ್ಟು ಕಪ್ಪು ಬಿಳುಪಾಗಿಲ್ಲ. 2018ರಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳು ಬಂದ ಮೇಲೆ ಕಿರಣಗಳ ಲೆಕ್ಕಕ್ಕೇ ಮೀಸಲಾದ ಭಾಗ ಗ್ರಾಫಿಕ್ಸ್ ಚಿಪ್ಪಿನೊಳಗೆ ಸೇರಿತು. ರಿಯಲ್‌ಟೈಮ್ ತಂತ್ರಾಂಶಗಳ ಪೈಕಿ ಡಿ5 ರೆಂಡರ್ ಆ ಬಗೆಯ ಕಾರ್ಡುಗಳನ್ನು ನಂಬಿಯೇ ಬೆಳೆಯಿತು, ಟ್ವಿನ್‌ಮೋಷನ್‌ಗೆ ಪಾತ್ ಟ್ರೇಸರ್ ಬಂತು, ಲೂಮಿಯನ್ 2023ರ ಆವೃತ್ತಿಯಲ್ಲಿ ರೇ ಟ್ರೇಸಿಂಗ್, ಅಂದರೆ ಕಿರಣಗಳ ಜಾಡು ಹಿಡಿಯುವ ಲೆಕ್ಕ, ಸೇರಿಸಿತು. ಆದರೂ ಒಳಾಂಗಣದ ಬೆಳಕನ್ನು ನಂಬಿ ಬಣ್ಣವನ್ನೋ ಕಲ್ಲನ್ನೋ ನಿರ್ಧರಿಸಬೇಕಾದಾಗ ನಾನು ಇಂದಿಗೂ ಕಿರಣಗಳ ಲೆಕ್ಕವನ್ನು ನಿಧಾನವಾಗಿ ಪೂರ್ತಿ ಮಾಡುವ ವಿ‌ರೇ, ಕರೋನಾ ಅಥವಾ ಬ್ಲೆಂಡರ್ ತಂತ್ರಾಂಶದೊಳಗಿನ ಸೈಕಲ್ಸ್ ಕಡೆಗೇ ಹೋಗುತ್ತೇನೆ. ಮನೆಯವರು ಪಕ್ಕದಲ್ಲಿ ಕುಳಿತು "ಆ ಕಿಟಕಿ ಸ್ವಲ್ಪ ಈಚೆಗೆ ಬಂದರೆ?" ಎಂದು ಕೇಳುತ್ತಿರುವಾಗ ಅದೇ ವಿ‌ರೇ ನನಗೆ ಹೊರೆ, ಮಾದರಿ ಕಟ್ಟುವ ಸ್ಕೆಚಪ್ ಅಥವಾ ರೆವಿಟ್ ಒಳಗೇ ಓಡುವ ಎನ್‌ಸ್ಕೇಪ್‌ನಂಥದ್ದು ಅಲ್ಲಿ ಬೇಕು, ಏಕೆಂದರೆ ಮಾದರಿಯಲ್ಲಿ ಗೋಡೆ ಸರಿಸಿದ ಕ್ಷಣವೇ ಚಿತ್ರದಲ್ಲೂ ಅದು ಸರಿಯುತ್ತದೆ. ಮನೆಯೊಂದರ ನಕ್ಷೆ ಅಂತಿಮವಾಗುವ ಹೊತ್ತಿಗೆ ಎಷ್ಟು ಸಲ ಬದಲಾಗುತ್ತದೆಂಬುದನ್ನು ಈ ವೃತ್ತಿಯಲ್ಲಿರುವವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಒಂದು ಚಿತ್ರಕ್ಕೆ ಎಷ್ಟು ನಿಮಿಷ ಎಂಬುದಕ್ಕಿಂತ, ಒಂದು ಬದಲಾವಣೆಯಾದ ಮೇಲೆ ಮುಂದಿನ ಚಿತ್ರ ಕೈಗೆ ಬರಲು ಮಾದರಿಯನ್ನು ಮತ್ತೆ ಕಳಿಸುವುದು, ಮೆಟೀರಿಯಲ್‌ಗಳನ್ನು ಮತ್ತೆ ಹಚ್ಚುವುದು, ಮರಗಿಡಗಳನ್ನು ಮತ್ತೆ ನೆಡುವುದು ಎಲ್ಲ ಸೇರಿ ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು.

ಸೂರ್ಯನ ವಿಷಯದಲ್ಲಿ ತಪ್ಪು ತಂತ್ರಾಂಶದ್ದಲ್ಲ, ನಮ್ಮದೇ. ಮಾದರಿಗೆ ಊರಿನ ಅಕ್ಷಾಂಶ ಕೊಡದೆ ಬಿಟ್ಟರೆ ಅದು ತನ್ನಲ್ಲಿ ಮೊದಲೇ ಇರುವ ಯಾವುದೋ ದೂರದ ಊರಿನ ಸೂರ್ಯನನ್ನು ತಂದು ನಿಲ್ಲಿಸುತ್ತದೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಜೂನ್ 21ರಂದು ಸುಮಾರು 11 ಡಿಗ್ರಿಯಷ್ಟು. ಡಿಸೆಂಬರಿನಲ್ಲಿ ಅವನೇ ದಕ್ಷಿಣಕ್ಕೆ 35 ಡಿಗ್ರಿಗೂ ಹೆಚ್ಚು ಇಳಿದಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬೀಳದು ಎಂದು ಪರದೇಶದ ಪಠ್ಯ ಓದಿ ಸಜ್ಜಾ ಕೈಬಿಟ್ಟವರ ಚಿತ್ರಗಳನ್ನು ನಾನು ಕಂಡಿದ್ದೇನೆ. ಸ್ಥಳ, ದಿನಾಂಕ, ವೇಳೆಯನ್ನು ಸರಿಯಾಗಿ ಕೊಟ್ಟು ನೋಡಿದರೆ ಯಾವ ತಂತ್ರಾಂಶವಾದರೂ ಆ ಬಿಸಿಲನ್ನು ತೋರಿಸಿಯೇ ತೀರುತ್ತದೆ.

ದುಡ್ಡಿನ ಮಾತು. ಬ್ಲೆಂಡರ್ ಪೂರ್ತಿ ಉಚಿತ. 2002ರಲ್ಲಿ ಅದರ ಬಳಕೆದಾರರೇ 1,00,000 ಯೂರೋ ಕೂಡಿಸಿ ಅದರ ಸೋರ್ಸ್ ಕೋಡನ್ನು ಬಿಡಿಸಿಕೊಂಡರೆಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಟ್ವಿನ್‌ಮೋಷನ್ ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಆದಾಯವಿರುವ ಕಚೇರಿಗಳಿಗೆ ಉಚಿತ, ಅಂದರೆ ನಮ್ಮಂಥವರಿಗೆಲ್ಲ ಉಚಿತವೆಂದೇ ಲೆಕ್ಕ. ಉಳಿದವು ಹೆಚ್ಚಾಗಿ ಚಂದಾ ಲೆಕ್ಕದಲ್ಲಿ ನಡೆಯುತ್ತವೆ, ಕೆಲಸವಿಲ್ಲದ ತಿಂಗಳಿಗೂ ಚಂದಾ ತಪ್ಪದು. ಕಾರ್ಡಿನ ಖರ್ಚು ಬೇರೆ. ಗ್ರಾಫಿಕ್ಸ್ ಕಾರ್ಡಿನ ಮೇಲೆ ರೆಂಡರ್ ಮಾಡುವಾಗ ದೃಶ್ಯವು ಆ ಕಾರ್ಡಿನ ಮೆಮೊರಿಯಲ್ಲಿ ಹಿಡಿಯದಿದ್ದರೆ ಒಂದೋ ವೇಗ ಕುಸಿಯುತ್ತದೆ, ಇಲ್ಲವೇ ರೆಂಡರ್ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕೊಳ್ಳುವಾಗ ವೇಗಕ್ಕಿಂತ ಮೊದಲು ಮೆಮೊರಿಯನ್ನು ಕೇಳಿ. ಹಳೆಯ ಯಂತ್ರವಿದ್ದು ಪ್ರೊಸೆಸರ್ ಗಟ್ಟಿಯಾಗಿದ್ದರೆ, ಪ್ರೊಸೆಸರಿನ ಮೇಲೇ ಓಡುವ ಕರೋನಾ ರಾತ್ರಿಯಿಡೀ ತಾಳ್ಮೆಯಿಂದ ದುಡಿಯುತ್ತದೆ, ಯುಪಿಎಸ್ ಕೈಕೊಡದಿದ್ದರೆ.

ಪರೀಕ್ಷೆಗೆ ನಾನು ಹೇಳುವುದು ಇಷ್ಟು. ತಂತ್ರಾಂಶಗಳ ಪ್ರಾಯೋಗಿಕ ಆವೃತ್ತಿ ಇಳಿಸಿಕೊಂಡು, ನಿಮ್ಮದೇ ಕಟ್ಟಿ ಮುಗಿದ ಮನೆಯೊಂದರ ಅತ್ಯಂತ ಕತ್ತಲ ಕೋಣೆಯ ಮಾದರಿಯನ್ನು ಅದಕ್ಕೆ ಕೊಡಿ. ಬೆಳಗಿನ ಹತ್ತು ಗಂಟೆಗೆ ಆ ಕೋಣೆಗೆ ಹೋಗಿ ಫೋಟೊ ತೆಗೆದು, ಅದೇ ದಿನಾಂಕ, ಅದೇ ವೇಳೆ, ಅದೇ ಕೋನದ ರೆಂಡರನ್ನು ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಒಂದು ಗೋಡೆ ಸರಿಸಿ, ಗಡಿಯಾರ ನೋಡುತ್ತ ಎರಡನೆಯ ಚಿತ್ರ ತೆಗೆಯಿರಿ. ಇಬ್ಬರೇ ಇರುವ ಕಚೇರಿಗೆ ನನ್ನ ಸಲಹೆ, ಮಾತುಕತೆಗೆ ಟ್ವಿನ್‌ಮೋಷನ್, ಬಣ್ಣ ಮತ್ತು ಬೆಳಕಿನ ನಿರ್ಧಾರಕ್ಕೆ ಸೈಕಲ್ಸ್. ಎರಡಕ್ಕೂ ಹಣ ಕೊಡಬೇಕಾಗಿಲ್ಲ, ಕಲಿಯಲು ಆರು ತಿಂಗಳು ಕೊಡಬೇಕು.

ಆ ಯಜಮಾನರಿಗೆ ಕೊನೆಗೆ ನಾನು ಸೈಕಲ್ಸ್‌ನಲ್ಲಿ ಅದೇ ಪಡಸಾಲೆಯ ಎರಡು ಚಿತ್ರ ತೆಗೆದು ತೋರಿಸಿದೆ, ಒಂದರಲ್ಲಿ ಕೆಂಪು ನೆಲ, ಇನ್ನೊಂದರಲ್ಲಿ ಬೂದು ಕಡಪ ಕಲ್ಲು. ಅವರು ಎರಡನ್ನೂ ಬಹಳ ಹೊತ್ತು ನೋಡಿ, "ಕೆಂಪೇ ಇರಲಿ ಬಿಡಿ ಸಾರ್, ಇದನ್ನ ಮೊದಲೇ ತೋರಿಸಿದ್ರೆ ನಾನು ಆ ಹುಡುಗನ್ನ ಬೈತಿರಲಿಲ್ಲ" ಎಂದರು.