ಟಗರು ಹಾರಿದ ಮೇಲೆ ಕಾಳು ಸುರಿಯಬೇಡಿ

‘ಟಗರು ಹಾರಿದ ದಿನದಿಂದಲೇ ಕಾಳು, ಹಿಂಡಿ ದುಪ್ಪಟ್ಟು ಮಾಡಿ, ಗಬ್ಬ ಗಟ್ಟಿಯಾಗುತ್ತದೆ’ ಎಂದು ಕುರಿ ಸಾಕಣೆಯ ಲೇಖನವೊಂದು ಕೊಟ್ಟ ಸಲಹೆಗೆ ನನ್ನ ತಕರಾರಿದೆ. ಹೆಚ್ಚಿನ ಮೇವು ಬೇಕಾದದ್ದು ಟಗರು ಕೂಡುವ ಬೆದೆಗೆ ಮೊದಲಿನ ಎರಡು ಮೂರು ವಾರ. ಸೊರಗಿದ ಕುರಿಗೆ ಆಗ ಚೆನ್ನಾಗಿ ತಿನ್ನಿಸಿದರೆ ಅಂಡಗಳು ಹೆಚ್ಚು ಬಿಡುಗಡೆಯಾಗುತ್ತವೆ. ಆಮೇಲೂ ಅತಿಯಾಗಿ ತಿನ್ನಿಸಿದರೆ ಯಕೃತ್ತಿಗೆ ರಕ್ತದ ಹರಿವು ಹೆಚ್ಚಿ, ಗರ್ಭ ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ರಕ್ತದಿಂದ ಬೇಗ ಖಾಲಿಯಾಗುತ್ತದೆ. ಭ್ರೂಣ ಆಗಿನ್ನೂ ಗರ್ಭಕೋಶಕ್ಕೆ ಅಂಟಿಯೇ ಇರುವುದಿಲ್ಲ. ಟಗರು ಹಾರಿದ ಸುಮಾರು 12ನೇ ದಿನದಿಂದ ಅದು ದಾರದಂತೆ ಉದ್ದವಾಗುತ್ತಾ, ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್ ಸ್ರವಿಸಿ ತಾನಿರುವ ಸುದ್ದಿಯನ್ನು ತಾಯಿಗೆ ಮುಟ್ಟಿಸಬೇಕು. ಸುದ್ದಿ ಮುಟ್ಟದಿದ್ದರೆ ಗರ್ಭಕೋಶದಿಂದ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೊರಟು, ಅಂಡಾಶಯದಲ್ಲಿ ಪ್ರೊಜೆಸ್ಟರಾನ್ ಮಾಡುವ ಕಾರ್ಪಸ್ ಲೂಟಿಯಂ ಎಂಬ ಗಂಟು ಕರಗುತ್ತದೆ. 17ನೇ ದಿನದ ಹೊತ್ತಿಗೆ ಕುರಿ ಮತ್ತೆ ಬೆದೆಗೆ. ನಾವು ಟಗರನ್ನು ಬೈಯುತ್ತೇವೆ, ಪಾಪ!

ಚಳ್ಳಕೆರೆ ಕಡೆಯ ನಮ್ಮ ಹಿಂಡಿಗೆ ನಾನೂ ಒಂದು ವರ್ಷ ಹೀಗೆಯೇ ಮೆಕ್ಕೆಜೋಳ ಸುರಿದಿದ್ದೆ. ಕುರಿಗಳು ಉರುಟಾದವು, ಮರಿಗಳು ಹೆಚ್ಚಲಿಲ್ಲ. ಹಾಗೆಂದು ಉಪವಾಸ ಕೆಡವಿದರೂ ಭ್ರೂಣ ನಿಲ್ಲದು. ಮೊದಲ ತಿಂಗಳು ಬಯಲು ಮೇವು, ಸಂಜೆಗೆ ಶೇಂಗಾ ಹೊಟ್ಟು, ಬಡಕಲಾದವಕ್ಕೆ ಮಾತ್ರ ಒಂದು ಹಿಡಿ ಹುರುಳಿ. ಕಾಳಿನ ಖರ್ಚನ್ನು ಗಬ್ಬದ ಕೊನೆಯ ಒಂದೂವರೆ ತಿಂಗಳಿಗೆ ಉಳಿಸಿಕೊಳ್ಳಿ. ಹೊಟ್ಟೆಯೊಳಗಿನ ಮರಿ ಮೈದುಂಬುವುದು ಆಗ.