ಮೀಸೆಗೆ ಹತ್ತಿದ ಮಣ್ಣು

ಊಟಕ್ಕೆ ಕೂತಿದ್ದೆ. ಅಕ್ಕನ ಮಗ ಮೊಬೈಲನ್ನು ಮೂಗಿನ ಹತ್ತಿರ ಹಿಡಿದ. "ಮಾಮ, ನೋಡಿ ಹೆಂಗೆ ಬೀಳ್ತಾನೆ!"

ಪ್ಯಾರಿಸ್ಸಿನ ಶಾಂಝೆಲಿಜೆ ರಸ್ತೆ. ಹಸಿರು ಜೆರ್ಸಿಯವನೊಬ್ಬ ತಲೆ ತಗ್ಗಿಸಿ, ಅತ್ತಿತ್ತ ವಾಲಾಡುತ್ತ ಸೈಕಲ್ ತುಳಿಯುತ್ತಾನೆ. ಬೇಲಿಯ ಪಕ್ಕದ ದೊಡ್ಡ ಕೋಕಾಕೋಲಾ ಡಬ್ಬಕ್ಕೆ ಗುದ್ದಿ ಪಲ್ಟಿ ಹೊಡೆಯುತ್ತಾನೆ. ವಿಡಿಯೋ ಮುಗಿಯಿತು.

"ಯಾರೋ ಇವನು?"

"ಯಾರೋ. ಬೀಳೋದು ನೋಡಿ ಅಷ್ಟೆ."

ನನಗೆ ರೇಗಿತು. ಅವನು ಜಮಾಲಿದಿನ್ ಅಬ್ದುಜಪರೋವ್. ಊರು ತಾಷ್ಕೆಂಟ್. ನಮಗೆ ಆ ಊರು ಅಂದರೆ ಲಾಲ್ ಬಹಾದ್ದೂರ್ ಶಾಸ್ತ್ರಿಗಳ ಕೊನೆಯ ರಾತ್ರಿ. ಸೈಕಲ್ ರೇಸಿನವರಿಗೆ ಇವನೇ 'ತಾಷ್ಕೆಂಟ್ ಟೆರರ್'. ಅದು 1991ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ಕೊನೆಯ ದಿನ. ಅಲ್ಲಿ ಅಂಕಗಳಲ್ಲಿ ಮುಂದಿರುವವನಿಗೆ ಸಿಗೋದು ಹಸಿರು ಜೆರ್ಸಿ. ರೇಸ್ ಮುಗಿಯುವ ಗೆರೆ ದಾಟದಿದ್ದರೆ ಮೂರು ವಾರ ಬೆವರು ಸುರಿಸಿ ಗಳಿಸಿದ ಹಸಿರು ಜೆರ್ಸಿಯೂ ಕೈತಪ್ಪುತ್ತಿತ್ತು. ಭುಜದ ಮೂಳೆ ಮುರಿದುಕೊಂಡವನನ್ನು ಎಬ್ಬಿಸಿ, ಹಿಡಿದುಕೊಂಡು ನಡೆಸಿ ಗೆರೆ ದಾಟಿಸಿದರು. ಜೆರ್ಸಿ ಉಳಿಯಿತು. ವಿಡಿಯೋದಲ್ಲಿ ಅದಿಲ್ಲ. ಇರೋದು ಪಲ್ಟಿ ಮಾತ್ರ, ಅದೂ ಸ್ಲೋ ಮೋಷನ್ನಿನಲ್ಲಿ.

ನಮ್ಮ ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಅವರ ಕೈಯಲ್ಲಿ ಪಾಠ ಕಲಿತವರು ಇಂಜಿನಿಯರಾದರು, ಡಾಕ್ಟರಾದರು. ಆದರೆ ಊರಲ್ಲಿ ಅವರ ಹೆಸರು 'ಪಾಯಸದ ಮೇಷ್ಟ್ರು'. ಯಾರದೋ ಮದುವೆಯಲ್ಲಿ, ಬಡಿಸುವವರು ಸಾಲದೆ ಹೋದರು ಅಂತ, ಇವರೇ ಪಂಚೆ ಎತ್ತಿ ಕಟ್ಟಿ ಶಾವಿಗೆ ಪಾಯಸದ ಬಕೆಟ್ ಹಿಡಿದು ಹೊರಟರು. ಎರಡನೇ ಪಂಕ್ತಿ. ನೆಲದಲ್ಲಿ ಯಾರೋ ಚೆಲ್ಲಿದ ತಿಳಿಸಾರು. ಕಾಲು ಜಾರಿತು. ಬಕೆಟ್ ಮಾತ್ರ ನೆಟ್ಟಗೇ ಕೂತಿತ್ತು, ಅದರೊಳಗೆ ದೊಡ್ಡಪ್ಪ. ದ್ರಾಕ್ಷಿ ಗೋಡಂಬಿ ಸಮೇತ ಎದ್ದು ನಿಂತು, "ಬೆಲ್ಲ ಸ್ವಲ್ಪ ಕಮ್ಮಿ" ಅಂದರಂತೆ. ಅಂದರೋ, ಆಮೇಲೆ ಯಾರಾದರೂ ಸೇರಿಸಿದರೋ, ಆ ಕಥೆ ಮಾತ್ರ ಇಂದಿಗೂ ಓಡಾಡುತ್ತಿದೆ. ಅವರ ನಿವೃತ್ತಿಯ ದಿನ ಮುಖ್ಯ ಅತಿಥಿ ಭಾಷಣ ಶುರು ಮಾಡಿದ್ದೇ ಪಾಯಸದಿಂದ. ಸಭೆಯೆಲ್ಲ ನಕ್ಕಿತು. ದೊಡ್ಡಪ್ಪನೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಆಮೇಲೆ ಅವರ ಮನೆಯಲ್ಲಿ ಹಬ್ಬಕ್ಕೆಲ್ಲ ಹೋಳಿಗೆಯೇ.

ಅಬ್ದುಜಪರೋವ್ 1993ರಲ್ಲಿ ಅದೇ ಶಾಂಝೆಲಿಜೆಯಲ್ಲಿ ಕೊನೆಯ ದಿನದ ಓಟ ಗೆದ್ದ. 1995ರಲ್ಲಿ ಮತ್ತೆ ಗೆದ್ದ. ಹಸಿರು ಜೆರ್ಸಿ ಒಟ್ಟು ಮೂರು ಸಲ. ಯಾರಿಗೆ ಬೇಕು ಅದೆಲ್ಲ? ನೆಟ್ಟಗೆ ಹೋಗಿ ಗೆದ್ದವನನ್ನು ಊಟದ ಹೊತ್ತಿನಲ್ಲಿ ಯಾರೂ ತೋರಿಸಲ್ಲ. ಹಾಗಂತ ಅವನೇನು ಸಾಚಾ ಅಂತಲ್ಲ. 1997ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಟೂರ್‌ನಿಂದಲೇ ಹೊರಬಿದ್ದ. ಅದನ್ನೂ ಜನ ಮರೆತಿದ್ದಾರೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಒಂದು ಅವನ ಹೆಸರನ್ನೇ ಇಟ್ಟುಕೊಂಡಿತು. ಅವನು ಮಾತ್ರ ನಿವೃತ್ತನಾದ ಮೇಲೆ ಪಾರಿವಾಳ ಸಾಕಿಕೊಂಡು ಇದ್ದುಬಿಟ್ಟ. ಬುದ್ಧಿವಂತ.

ಹೇಗೂ ಒಬ್ಬನನ್ನು ಇಷ್ಟು ವರ್ಷ ನೆನಪಿಡಲೇಬೇಕು ಅಂದ್ರೆ, ಸ್ಪ್ರಿಂಟ್ ನಡೆಯೋ ಕಡೆ ಬೇಲಿ ಪಕ್ಕ ಅಷ್ಟು ದೊಡ್ಡ ಡಬ್ಬ ಇಟ್ಟ ಪುಣ್ಯಾತ್ಮನನ್ನು ನೆನಪಿಡಬಹುದಿತ್ತು. ತಿಳಿಸಾರು ಚೆಲ್ಲಿದವನನ್ನೂ.