ಕೋಟೆಯ ಅರಮನೆ, ಗವರ್ನರ್ ಬಂಗಲೆ

ಈ ಸಲ ಊರಿಗೆ ಹೋದಾಗ, ಮಕ್ಕಳಿಗೆ ಮಡಿಕೇರಿ ಕೋಟೆ ತೋರಿಸಿಕೊಂಡು ಬರ್ತೀನಿ ಅಂದೆ. ಚಿಕ್ಕಪ್ಪನ ಮಗ ತಡೆದ. "ಅಲ್ಲೇನಿದೆ ಅಣ್ಣ ನೋಡೋಕೆ? ಹಳೇ ಡಿಸಿ ಆಫೀಸು. ಕಲ್ಲಾನೆ ಹತ್ರ ಒಂದು ಫೋಟೋ ತೆಗೆದು ರಾಜಾಸೀಟಿಗೆ ಕರ್ಕೊಂಡು ಹೋಗಿ." ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ನಮ್ಮ ತಲೆಮಾರಿನವರು ಯಾರೇ ಆದರೂ ಹೀಗೇ ಹೇಳಿಯಾರು. ಜಮ್ಮಾ ಭೂಮಿಯ ಕಾಗದ, ಕೋವಿ ಲೈಸೆನ್ಸು ಅಂತ ಅಪ್ಪಂದಿರ ಹಿಂದೆ ಹೋಗಿ, ಒದ್ದೆ ಕೊಡೆ ಹಿಡಿದುಕೊಂಡು ನಿಂತ ಜಾಗ ಅದು. ಆದರೂ ಆ ಮಾತು ಎದೆಗೆ ಚುಚ್ಚಿತು. ನನಗೆ ಮೆಲ್ಬರ್ನ್ ನೆನಪಾಯಿತು.

ನಾನಿರುವ ಆ ಊರಿನಲ್ಲಿ ವಿಕ್ಟೋರಿಯಾ ರಾಜ್ಯದ ಗವರ್ನರ್ ವಾಸಿಸುವ ಬಂಗಲೆ ಇದೆ. 1872ರಲ್ಲಿ ಕಟ್ಟಲು ಶುರುಮಾಡಿ 1876ರಲ್ಲಿ ಮುಗಿಸಿದ್ದು, ವಿಲಿಯಂ ವಾರ್ಡೆಲ್ ಎಂಬವರ ವಿನ್ಯಾಸ. ಬಿಳೀ ಗೋಡೆ, ಚೌಕಾಕಾರದ ಎತ್ತರದ ಗೋಪುರ, ಸುತ್ತ 11 ಹೆಕ್ಟೇರ್ ತೋಟ. ಗೋಪುರದ ಮೇಲೆ ಬಾವುಟ ಹಾರುತ್ತಿದ್ದರೆ ಗವರ್ನರ್ ಊರಲ್ಲಿದ್ದಾರೆ ಅಂತ ಲೆಕ್ಕ. ಓಪನ್ ಡೇ ಇಟ್ಟ ದಿನ ಗೇಟು ತೆರೆಯುತ್ತಾರೆ. ಚಪ್ಪಲಿ ಹಾಕಿಕೊಂಡವರು, ಮಗುವಿನ ಗಾಡಿ ತಳ್ಳುವವರು, ಬುತ್ತಿ ಕಟ್ಟಿಕೊಂಡು ಬಂದವರು, ಎಲ್ಲರೂ ಒಳಗೆ. ನಾವೂ ಹೋಗಿದ್ದೆವು.

ಒಳಗೆ ಒಬ್ಬರು ಅಜ್ಜಿ ಕೋಣೆ ಕೋಣೆಗೂ ಕಥೆ ಹೇಳುತ್ತಿದ್ದರು. 1901ರಲ್ಲಿ ಆಸ್ಟ್ರೇಲಿಯಾ ಒಂದೇ ದೇಶವಾದಾಗ ಗವರ್ನರ್ ಜನರಲ್ ಈ ಮನೆಗೆ ಬಂದರಂತೆ, ರಾಜ್ಯದ ಗವರ್ನರ್ ಸ್ಟೋನಿಂಗ್ಟನ್ ಎಂಬ ಬೇರೆ ಬಂಗಲೆಗೆ ಹೋದರಂತೆ. ಮೂವತ್ತರ ದಶಕದ ಮೊದಲಲ್ಲಿ ಇಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ನಡೆಯಿತಂತೆ, 1934ರಲ್ಲಿ ಗವರ್ನರ್ ಮತ್ತೆ ಇಲ್ಲಿಗೇ ಬಂದರಂತೆ. ಆಮೇಲೆ ಅಜ್ಜಿ, ಈ ಮನೆಗೆ ಮಾದರಿ ವೈಟ್ ದ್ವೀಪದಲ್ಲಿರುವ ವಿಕ್ಟೋರಿಯಾ ರಾಣಿಯ ಆಸ್‌ಬರ್ನ್ ಹೌಸ್ ಅಂದರು.

ಆಸ್‌ಬರ್ನ್ ಅಂದ ಕೂಡಲೇ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಗೌರಮ್ಮನ ಅಮೃತಶಿಲೆಯ ಪ್ರತಿಮೆ ಇರುವುದು ಆ ಮನೆಯಲ್ಲೇ. ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದ ಮೇಲೆ ಅಲ್ಲೇ ಹುಟ್ಟಿದ ಮಗಳು. 1852ರಲ್ಲಿ ಅಪ್ಪ ಅವಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸುವಾಗ ಧರ್ಮಮಾತೆಯಾಗಿ ನಿಂತದ್ದು ಸಾಕ್ಷಾತ್ ರಾಣಿ, ಹೆಸರಿಟ್ಟದ್ದು ವಿಕ್ಟೋರಿಯಾ ಗೌರಮ್ಮ ಎಂದು. ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ, ಮಾರೊಚೆಟ್ಟಿ ಪ್ರತಿಮೆ ಮಾಡಿದ. ಅಪ್ಪ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಮಗಳು 1864ರಲ್ಲಿ, ಇಪ್ಪತ್ತಮೂರು ತುಂಬುವ ಮುಂಚೆಯೇ. ಕೊಡಗಿನ ರಾಜನ ಮಗಳು ಕೊಡಗನ್ನು ಕಣ್ಣಿಂದ ನೋಡಲೇ ಇಲ್ಲ. ಈ ಕಥೆ ಅಜ್ಜಿಗೆ ಹೇಳಿದೆ. ಅವರು ಚೀಟಿ ತೆಗೆದು ಹೆಸರು ಬರೆಸಿಕೊಂಡರು, ಮುಂದಿನ ಗುಂಪಿಗೆ ಹೇಳುತ್ತೇನೆ ಅಂದರು.

ಗೌರಮ್ಮನ ಅಜ್ಜ ಲಿಂಗರಾಜೇಂದ್ರ 1812ರಿಂದ 1814ರ ತನಕ ಕಟ್ಟಿಸಿದ ಮನೆಯೇ ಚಿಕ್ಕಪ್ಪನ ಮಗ ಹೇಳಿದ ಹಳೇ ಡಿಸಿ ಆಫೀಸು. ಮುದ್ದುರಾಜನ ಮಣ್ಣಿನ ಕೋಟೆ, ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ ಕೋಟೆ, ಅದರೊಳಗೆ ಈ ಅರಮನೆ. ಅಂಗಳದಲ್ಲಿ ಕಲ್ಲಿನ ಆಮೆ ಇದೆ. ಆವರಣದ ಮೂಲೆಯಲ್ಲಿ ನಿಜವಾದ ಆನೆಯಷ್ಟೇ ಎತ್ತರದ ಎರಡು ಗಾರೆಯಾನೆ, ಸೊಂಡಿಲ ತುದಿ ಜನ ಮುಟ್ಟಿ ಮುಟ್ಟಿ ನುಣುಪಾಗಿದೆ. ವೀರಭದ್ರನ ಗುಡಿಯಿದ್ದ ಜಾಗದಲ್ಲಿ 1855ರಲ್ಲಿ ಕಟ್ಟಿದ ಇಂಗ್ಲಿಷರ ಚರ್ಚು ಈಗ ಮ್ಯೂಸಿಯಂ. ಅಷ್ಟು ಜಾಗದೊಳಗೆ ನಾಲ್ಕು ಆಳ್ವಿಕೆ ಒಂದರ ಮೇಲೊಂದು ಕೂತಿದೆ. ಇದನ್ನು ಬಂದವರ ಮುಂದೆ ನಿಂತು ಹೇಳುವ ಒಬ್ಬ ಅಜ್ಜಿಯನ್ನೋ ಮೇಷ್ಟ್ರನ್ನೋ ಇಡಬೇಕು ಅಂತ ನಮಗೆ ಯಾಕೆ ಅನಿಸಲಿಲ್ಲ? ಅರಮನೆಯಲ್ಲಿ ಕಚೇರಿ ಮಾಡಿದ್ದಕ್ಕೆ ನನ್ನ ತಕರಾರಿಲ್ಲ, ಮೆಲ್ಬರ್ನ್ ಬಂಗಲೆಯಲ್ಲೂ ಸ್ಕೂಲು ನಡೆದಿತ್ತಲ್ಲ. ಸ್ಕೂಲು ನಡೆದದ್ದನ್ನೂ ಅವರು ಮನೆಯ ಕಥೆಯೊಳಗೆ ಸೇರಿಸಿಕೊಂಡರು. ನಮ್ಮಲ್ಲಿ ಕಚೇರಿ ಬಂದು ಅರಮನೆಯ ಕಥೆಯನ್ನೇ ಮರೆಸಿಬಿಟ್ಟಿತು.

ಇನ್ನೂ ಹೊಟ್ಟೆ ಉರಿಸುವ ವಿಷಯ ಒಂದಿದೆ. ಆ ಮೆಲ್ಬರ್ನ್ ಬಂಗಲೆಯ ಹತ್ತಿರವೇ ಹಲಗೆ ಗೋಡೆಯ ಪುಟ್ಟ ಮನೆ ಇದೆ. 1839ರಲ್ಲಿ ಚಾರ್ಲ್ಸ್ ಲಾ ಟ್ರೋಬ್ ಈ ಪ್ರಾಂತ್ಯ ನೋಡಿಕೊಳ್ಳಲು ಬಂದಾಗ, ಲಂಡನ್ನಿನಲ್ಲಿ ಬಿಡಿ ಭಾಗಗಳಾಗಿ ಮಾಡಿಸಿ ಹಡಗಿನಲ್ಲಿ ತಂದು ಜೋಡಿಸಿಕೊಂಡ ಮನೆ. ಮುಂದೆ ಲೆಫ್ಟಿನೆಂಟ್ ಗವರ್ನರ್ ಆದಾಗಲೂ ಅದರಲ್ಲೇ ಇದ್ದ. ನಮ್ಮ ಕಡೆ ತೋಟದ ರೈಟರ್ ಇರುವ ಲೈನ್‌ಮನೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದನ್ನು ಮೂಲ ಜಾಗದಿಂದ ಬಿಚ್ಚಿ 1963ರಲ್ಲಿ ಇಲ್ಲಿ ತಂದಿಟ್ಟು ಕಾಪಾಡುತ್ತಿದ್ದಾರೆ. ಅದೇ ಕಾಲದಲ್ಲಿ ಕೊಡಗನ್ನು ಯಾವ ಮನೆಯಲ್ಲಿ ಕೂತು ಆಳಿದರು ಅಂತ ನಮ್ಮ ಮಕ್ಕಳನ್ನು ಕೇಳಿನೋಡಿ. ಮೈಸೂರು, ಕೊಡಗು ಎರಡಕ್ಕೂ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1840ರ ಸುಮಾರಿಗೆ ಬೆಂಗಳೂರಿನಲ್ಲಿ ಕಟ್ಟಿಸಿಕೊಂಡ ಮನೆ ಅದು. 1881ರ ನಂತರ ಅಲ್ಲಿದ್ದ ಮೈಸೂರು ರೆಸಿಡೆಂಟರೇ ಕೊಡಗಿಗೆ ಚೀಫ್ ಕಮಿಷನರ್. ಇವತ್ತು ಅದೇ ಕರ್ನಾಟಕದ ರಾಜ್ಯಪಾಲರ ಮನೆ, ರಾಜಭವನ ಎಂದು ಹೆಸರಾದದ್ದು. ವಿಧಾನಸೌಧಕ್ಕೆ ಹೋಗುವ ಕೊಡಗಿನವರು ಆ ಕಾಂಪೌಂಡು ದಾಟಿಯೇ ಹೋಗುತ್ತಾರೆ, ನಮ್ಮ ಅಜ್ಜಂದಿರ ಕಂದಾಯ ನಿಗದಿಯಾದದ್ದು ಅಲ್ಲಿಂದ ಅಂತ ಯಾರೂ ಹೇಳಿಕೊಡಲಿಲ್ಲ. ಕೊಡಗೇ ಒಂದು ರಾಜ್ಯವಾಗಿ, 1952ರಿಂದ 24 ಶಾಸಕರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಅಂತ 1956ರ ತನಕ ಇದ್ದದ್ದೂ ನವೆಂಬರ್ ಒಂದರ ಭಾಷಣದಲ್ಲಿ ಒಂದು ಸಾಲಾಗಿ ಉಳಿದಿದೆ.

ತೋಟದ ವಿಷಯಕ್ಕೆ ಬರುತ್ತೇನೆ. ಗವರ್ನರ್ ಬಂಗಲೆಗೆ ತಾಗಿಕೊಂಡೇ 1846ರಲ್ಲಿ ಶುರುವಾದ ಸಸ್ಯೋದ್ಯಾನ ಇದೆ. ಅಲ್ಲೊಂದು ರಿವರ್ ರೆಡ್ ಗಮ್ ಮರ, ನೀಲಗಿರಿ ಜಾತಿಯದು. ವಿಕ್ಟೋರಿಯಾ ಪ್ರತ್ಯೇಕ ಪ್ರಾಂತ್ಯವಾಗುವ ಸುದ್ದಿ ಬಂದಾಗ, 1850ರ ನವೆಂಬರಿನಲ್ಲಿ, ಜನ ಅದರ ಕೆಳಗೆ ಸೇರಿ ಸಂಭ್ರಮಿಸಿದ್ದರು. 2010ರಲ್ಲಿ ಯಾರೋ ಕಿಡಿಗೇಡಿಗಳು ಅದರ ಬುಡದ ಸುತ್ತ ತೊಗಟೆ ಕೆತ್ತಿದರು, 2013ರಲ್ಲಿ ಮತ್ತೆ ಕೆತ್ತಿದರು. ಉಳಿಸಲು ಏನೆಲ್ಲ ಮಾಡಿದರೂ ಮರ ಉಳಿಯಲಿಲ್ಲ. ಕೊಂಬೆ ಇಳಿಸಿದರು, ಕಾಂಡ ಬಿಟ್ಟರು. ಒಂದು ಮರಕ್ಕಾಗಿ ಊರೇ ಮರುಗಿತು. ಕಾಫಿ ತೋಟದಲ್ಲಿ ಬಳಂಜಿ, ನಂದಿ, ಬೀಟೆ ನೋಡಿಕೊಂಡು ಬೆಳೆದ ನನಗೆ ಅದು ಸಣ್ಣ ವಿಷಯವಾಗಿ ಕಾಣಲಿಲ್ಲ.

ರಾಜಾಸೀಟಿನಲ್ಲೂ ಮರಗಳಿವೆ, ಫಲಪುಷ್ಪ ಪ್ರದರ್ಶನ ಇದೆ, ಸಂಗೀತ ಕಾರಂಜಿ ಇದೆ. ರಾಜರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ನಾಲ್ಕು ಕಂಬದ ಮಂಟಪವೂ ಇದೆ. ಆದರೆ ನಾವು ಹೋದ ಸಂಜೆ ಮಂಟಪದ ಹತ್ತಿರ ನಿಂತವರೆಲ್ಲ ಕಣಿವೆಗೆ ಬೆನ್ನು ಮಾಡಿ ಫೋನಿಗೆ ಮುಖ ಮಾಡಿದ್ದರು. ನನ್ನ ಮಗಳು "ಯಾವ ರಾಜ?" ಅಂತ ಕೇಳಿದಳು. ಅವಳ ಸುತ್ತ ಇದ್ದವರಲ್ಲಿ ಉತ್ತರ ಹೇಳಬಲ್ಲವರು ಯಾರೂ ಕಾಣಲಿಲ್ಲ, ನಾನೇ ಹೇಳಿದೆ.

ಇಷ್ಟು ಹೇಳಿದ ಮೇಲೆ ಕೆಲವು ಮಾತು ಒಪ್ಪಲೇಬೇಕು. ಮೆಲ್ಬರ್ನ್ ಬಂಗಲೆ ನಿಂತ ನೆಲ ಅಲ್ಲಿನ ಮೂಲನಿವಾಸಿ ಕುಲಿನ್ ಜನರದ್ದು. ಅದನ್ನು ಅವರಿಂದ ಯಾರೂ ಕೇಳಿ ಪಡೆಯಲಿಲ್ಲ. ಆ ಮನೆಯ ಕಥೆಯನ್ನು ಎಷ್ಟು ಚಂದ ಹೇಳಿದರೂ ಅದರ ಹಿಂದಿನ ಸಾವಿರಾರು ವರ್ಷಗಳ ಕಥೆ ಈಚೆಗಷ್ಟೇ ಬಾಯಿಗೆ ಬರುತ್ತಿದೆ. ಮಳೆಯ ಮಾತು ಬೇರೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ, ಮೆಲ್ಬರ್ನ್‌ನಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಕಕ್ಕಡ ಮಾಸದ ಗಾಳಿಮಳೆಗೆ ಇನ್ನೂರು ವರ್ಷದ ಗಾರೆ ಗೋಡೆ ಉಳಿದಿದೆಯೆಂದರೆ, ಒಳಗೆ ಕೂತು ಕೆಲಸ ಮಾಡಿದವರಿಗೆ ಮಾಡು ಸೋರಬಾರದಿತ್ತು ಎಂಬುದೂ ಒಂದು ಕಾರಣ ಇರಬೇಕು. ಖಾಲಿ ಬಿಟ್ಟಿದ್ದರೆ ಪಾಚಿ ಹಿಡಿದು ಎಂದೋ ಕುಸಿಯುತ್ತಿತ್ತು. ಹೂವಿನ ವಿಷಯದಲ್ಲಂತೂ ಅತ್ತಿಗೆಯ ಅಂಗಳದ ಡೇಲಿಯಾ, ಆಂಥೂರಿಯಂ ಮುಂದೆ ಗವರ್ನರ್ ತೋಟ ನನಗೆ ಸಪ್ಪೆ ಕಂಡಿತು. ಅದನ್ನು ನೋಡಲು ಓಪನ್ ಡೇ ಬೇಕಿಲ್ಲ, ಗೇಟು ತಳ್ಳಿಕೊಂಡು ಹೋದರೆ ಕಾಫಿಯೂ ಸಿಗುತ್ತದೆ.

ಆದರೂ ನನ್ನ ಬೇಡಿಕೆ ಬಿಡುವುದಿಲ್ಲ. ದಸರಾದಲ್ಲಿ ದಶಮಂಟಪಗಳ ಮೆರವಣಿಗೆ ನೋಡಲು ಮಡಿಕೇರಿಗೆ ಅಷ್ಟೊಂದು ಜನ ಬರುತ್ತಾರೆ. ಕರಗ ಹೊರಟ ದಿನದಿಂದ ವಿಜಯದಶಮಿಯ ತನಕ ಅರಮನೆಯ ಅಂಗಳದಲ್ಲಿ, ಆ ಆಮೆಯ ಪಕ್ಕ, ಕಾಲೇಜು ಮಕ್ಕಳನ್ನು ನಿಲ್ಲಿಸಿ ಕಥೆ ಹೇಳಿಸಲಿ. ಗೌರಮ್ಮನ ಚಿತ್ರದ ಒಂದು ಪ್ರತಿಯನ್ನು ಅವಳ ಅಜ್ಜನ ಮನೆಯಲ್ಲಿ ತೂಗುಹಾಕಲಿ. ಖರ್ಚು ಮಂಟಪವೊಂದರ ಲೈಟಿಂಗಿನಷ್ಟೂ ಆಗಲಾರದು, ಮಳೆಯ ಜೋರೂ ಅಷ್ಟು ಹೊತ್ತಿಗೆ ತಗ್ಗಿರುತ್ತದೆ.